ಹೊಟ್ಟೆ ಹುಣ್ಣು: ರಕ್ತದಲ್ಲಿ ಬಂದದ್ದೋ, ಮನೆಯಲ್ಲಿ ಅಂಟಿದ್ದೋ?

2025ರ ಜುಲೈನಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕಾಚಾರ ನಮ್ಮ ಸುದ್ದಿಮಾಧ್ಯಮಗಳಲ್ಲೂ ಓಡಾಡಿತು. ಲೆಕ್ಕ ಹಾಕಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ಈಗಿನ ಸ್ಥಿತಿಯೇ ಮುಂದುವರಿದರೆ, 2008ರಿಂದ 2017ರ ನಡುವೆ ಹುಟ್ಟಿದವರಲ್ಲಿ ಜಗತ್ತಿನಾದ್ಯಂತ ಸುಮಾರು 1.56 ಕೋಟಿ ಜನರಿಗೆ ಬಾಳಿನ ಯಾವುದಾದರೂ ಹಂತದಲ್ಲಿ ಜಠರದ ಕ್ಯಾನ್ಸರ್ ಬರಬಹುದು ಎನ್ನುತ್ತದೆ ಅದು. ಅದರ ಶೇ. 76ರಷ್ಟಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ. ಆದ್ದರಿಂದ ರೋಗ ಬರುವವರೆಗೆ ಕಾಯದೆ ಜನರನ್ನು ಸಾಮೂಹಿಕವಾಗಿ ಪರೀಕ್ಷಿಸಿ ಚಿಕಿತ್ಸೆ ಕೊಡಬೇಕು ಎಂಬುದು ಅವರ ವಾದ.

ಹೊಟ್ಟೆ ಹುಣ್ಣಿಗೂ ಮುಖ್ಯ ಕಾರಣ ಇದೇ ಬ್ಯಾಕ್ಟೀರಿಯಾ. ಆದರೆ ಓದುಗರು ಅದಕ್ಕೂ ಮೊದಲು ಬೇರೊಂದು ಸುದ್ದಿ ಕೇಳಿದ್ದಾರೆ. ಬ್ರಿಟನ್ನಿನ ಲಕ್ಷಾಂತರ ಜನರ ವಂಶವಾಹಿ ಮಾಹಿತಿ ಜಾಲಾಡಿದ 2021ರ ಅಧ್ಯಯನವೊಂದು, ಅಲ್ಸರ್‌ಗೆ ನಂಟಿರುವ 8 ಜಾಗಗಳನ್ನು ವಂಶವಾಹಿಗಳಲ್ಲಿ ಗುರುತಿಸಿತ್ತು. ಹಾಗಾದರೆ ಇದು ಸೋಂಕೋ, ವಂಶದ ಕೊಡುಗೆಯೋ? ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ "ನಮ್ಮ ಮನೆತನಕ್ಕೇ ಹೊಟ್ಟೆ ಸಮ ಇಲ್ಲ" ಎಂಬ ಮಾತು ಮೂರು ತಲೆಮಾರಿನಿಂದ ನಡೆದು ಬಂದಿರುತ್ತದೆ. ಅಜ್ಜನಿಗೆ ಹುಣ್ಣು ಒಡೆದು ಆಪರೇಷನ್ ಆಗಿತ್ತು, ಅಪ್ಪನಿಗೆ ದಿನಾ ಮಾತ್ರೆ ಬೇಕು, ಈಗ ಮಗನಿಗೂ ಶುರುವಾಗಿದೆ. ಈ ಸರಣಿಯಲ್ಲಿ ನಿಜವಾಗಿ ಏನು ಕೈದಾಟುತ್ತಿದೆ ಎಂಬುದನ್ನು ಬಿಡಿಸಿ ನೋಡದಿದ್ದರೆ, ಮನೆಮಂದಿಗೆಲ್ಲ ಪರೀಕ್ಷೆ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

'ಗ್ಯಾಸ್ಟ್ರಿಕ್' ಎಂಬ ಒಂದೇ ಚೀಲ

ಮೊದಲ ತೊಡಕು ಭಾಷೆಯದು. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಹಾಲು ಕುಡಿದರೆ ಭೇದಿ, ಬರಿಹೊಟ್ಟೆಯಲ್ಲಿ ಕೊರೆಯುವ ನೋವು, ಎಲ್ಲಕ್ಕೂ ನಾವು 'ಗ್ಯಾಸ್ಟ್ರಿಕ್' ಎಂದುಬಿಡುತ್ತೇವೆ. ಇವು ಒಂದೇ ಕಾಯಿಲೆಯಲ್ಲ. ಅಲ್ಸರ್ ಎಂದರೆ ಜಠರದ ಅಥವಾ ಅದರ ಮುಂದಿನ ಸಣ್ಣ ಕರುಳಿನ ಮೊದಲ ಭಾಗವಾದ ಡಿಯೋಡಿನಂನ ಒಳಪದರದಲ್ಲಿ ಆಗುವ ನಿಜವಾದ ಗಾಯ. ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಹೊಟ್ಟೆ ಸರಿಯಿಲ್ಲವೆಂದು ಎಂಡೋಸ್ಕೋಪಿ ಮಾಡಿಸಿಕೊಳ್ಳುವ ಬಹುಪಾಲು ಜನರಲ್ಲಿ ಅಂಥ ಗಾಯ ಇರುವುದೇ ಇಲ್ಲ. ಅವರ ತೊಂದರೆ ಸುಳ್ಳಲ್ಲ. ಜಠರದ ಚಲನೆ ಮತ್ತು ನರಗಳ ಸಂವೇದನೆ ಏರುಪೇರಾದರೂ ಅಷ್ಟೇ ಸಂಕಟವಾಗುತ್ತದೆ. ಆದರೆ ಅದಕ್ಕೆ ದಾರಿ ಬೇರೆ.

ಹಾಗಾಗಿ "ನಮ್ಮ ಮನೆಯಲ್ಲಿ ನಾಲ್ವರಿಗೆ ಅಲ್ಸರ್ ಇದೆ" ಎನ್ನುವಾಗ, ನಾಲ್ವರಲ್ಲಿ ಎಷ್ಟು ಜನರಿಗೆ ಎಂಡೋಸ್ಕೋಪಿ ವರದಿಯಲ್ಲಿ ಅಲ್ಸರ್ ಎಂದು ಬರೆದಿದೆ ಎಂದು ನೋಡಬೇಕು. ಕುಟುಂಬದ ಇತಿಹಾಸ ಶುರುವಾಗುವುದು ಆ ಕಾಗದದಿಂದ.

ಬ್ಯಾಕ್ಟೀರಿಯಾ ಮನೆಯೊಳಗೆ ಹೇಗೆ ಕೈದಾಟುತ್ತದೆ

ಹುಣ್ಣಿಗೆ ಖಾರ, ಕೋಪ, ಚಿಂತೆ ಕಾರಣವೆಂದೇ 1980ರ ದಶಕದವರೆಗೆ ವೈದ್ಯರೂ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದಿಂದ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಜ್ಜನ ಕಾಲದ ಹುಣ್ಣು ಯಾಕೆ ಶಾಪದಂತೆ ಕಾಡುತ್ತಿತ್ತು ಎಂಬುದಕ್ಕೆ ಉತ್ತರ ಇಲ್ಲಿದೆ. ಆಗಿನ ಔಷಧಿ ಆಮ್ಲವನ್ನಷ್ಟೇ ತಗ್ಗಿಸುತ್ತಿತ್ತು. ಗಾಯ ಮಾಯುತ್ತಿತ್ತು, ಬ್ಯಾಕ್ಟೀರಿಯಾ ಅಲ್ಲೇ ಉಳಿಯುತ್ತಿತ್ತು, ಮಾತ್ರೆ ಬಿಟ್ಟ ವರ್ಷದೊಳಗೆ ಬಹುತೇಕರಿಗೆ ಹುಣ್ಣು ಮರುಕಳಿಸುತ್ತಿತ್ತು. ಬ್ಯಾಕ್ಟೀರಿಯಾವನ್ನೇ ತೆಗೆದರೆ ಹಾಗೆ ಮರುಕಳಿಸುವುದು ಅಪರೂಪ. ವಂಶದ ಹಣೆಬರಹ ಎಂದುಕೊಂಡದ್ದರಲ್ಲಿ ದೊಡ್ಡ ಪಾಲು ಚಿಕಿತ್ಸೆ ಕಾಣದ ಸೋಂಕಾಗಿತ್ತು.

ಈ ಸೋಂಕು ಅಂಟುವುದು ಹೆಚ್ಚಾಗಿ ಬಾಲ್ಯದಲ್ಲಿ, ಮನೆಯವರಿಂದಲೇ. ತಾಯಿಯಲ್ಲಿರುವ ತಳಿಯೇ ಮಗುವಿನಲ್ಲೂ ಸಿಗುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ವಾಂತಿ, ಜೊಲ್ಲು, ಮಲ ಸೋಕಿದ ಕೈ, ಕೊಳೆ ಸೇರಿದ ನೀರು, ಇವೇ ದಾರಿಗಳು. ಅನ್ನವನ್ನು ತಾನು ಅಗಿದು ಮೆತ್ತಗೆ ಮಾಡಿ ಕೂಸಿನ ಬಾಯಿಗಿಡುವುದು, ಬಿಸಿ ನೋಡಲು ಬಾಯಿಗಿಟ್ಟ ಚಮಚದಲ್ಲೇ ಗಂಜಿ ಕುಡಿಸುವುದು ಪ್ರೀತಿಯಿಂದ ಮಾಡುವ ಕೆಲಸಗಳೇ. ಹೊರಗಿನವರ ಎಂಜಲಿಗೆ ಇರುವ ಎಚ್ಚರ ಮನೆಯವರ ಎಂಜಲಿಗೆ ಇರುವುದಿಲ್ಲ. ಮಲೆನಾಡಿನಲ್ಲಿ ಗುಡ್ಡದಿಂದ ಪೈಪು ಹಾಕಿ ತಂದ ಅಬ್ಬಿ ನೀರನ್ನೋ, ಕಟ್ಟೆಯಿಲ್ಲದ ತೋಟದ ಬಾವಿಯ ನೀರನ್ನೋ ಹಾಗೇ ಕುಡಿಯುವ ರೂಢಿ ಇನ್ನೂ ಇದೆ. ಮಳೆಗಾಲದಲ್ಲಿ ಕೊಟ್ಟಿಗೆ, ಶೌಚದ ಗುಂಡಿಯ ನೀರೆಲ್ಲ ಇಳಿಜಾರಿನಲ್ಲಿ ಹರಿದು ಬರುವುದು ಅದೇ ಬಾವಿಯ ಕಡೆಗೆ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು, ಈ ದಾರಿ ಮುಚ್ಚುತ್ತದೆ. ಉಗುರು ಬೆಚ್ಚಗೆ ಕಾಸಿದರೆ ಮುಚ್ಚುವುದಿಲ್ಲ.

ಭಾರತದಲ್ಲಿ ವಯಸ್ಕರ ಪೈಕಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ ಬ್ಯಾಕ್ಟೀರಿಯಾ ಇದೆ. ಆದರೆ ಅದನ್ನು ಹೊತ್ತವರಲ್ಲಿ ಜೀವಮಾನದಲ್ಲಿ ಹುಣ್ಣಾಗುವುದು ಹತ್ತರಲ್ಲಿ ಒಬ್ಬರಿಗೋ, ಸ್ವಲ್ಪ ಹೆಚ್ಚು ಜನರಿಗೋ ಅಷ್ಟೇ. ಉಳಿದವರಿಗೆ ಯಾಕಿಲ್ಲ ಎಂಬಲ್ಲಿ ವಂಶವಾಹಿಯ ಮಾತು ಬರುತ್ತದೆ.

ವಂಶವಾಹಿಯ ಪಾಲು

ಅಲ್ಸರ್ ಇರುವವರ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಿಗೆ ಹುಣ್ಣಾಗುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು. ಇದರಲ್ಲಿ ಒಂದೇ ಮನೆಯ ಸೋಂಕೂ ಸೇರಿದೆ. ಎರಡನ್ನೂ ಬೇರ್ಪಡಿಸಲು ಅವಳಿಗಳ ಅಧ್ಯಯನ ಬೇಕಾಯಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಿಗೆ ವಂಶವಾಹಿಯೆಲ್ಲ ಒಂದೇ, ಎರಡು ಅಂಡದ ಅವಳಿಗಳಿಗೆ ಸುಮಾರು ಅರ್ಧ. ಮೊದಲ ಬಗೆಯ ಜೋಡಿಯಲ್ಲಿ ಇಬ್ಬರಿಗೂ ಹುಣ್ಣು ಕಾಣುವುದು ಎಷ್ಟು ಹೆಚ್ಚು ಎಂಬುದರಿಂದ ವಂಶದ ಪಾಲನ್ನು ಅಂದಾಜಿಸುತ್ತಾರೆ. ಫಿನ್ಲೆಂಡಿನ ಅಧ್ಯಯನದಲ್ಲಿ ಅದು ಶೇ. 39 ಎಂದು ಬಂತು, ಸ್ವೀಡನ್ನಿನಲ್ಲಿ ಶೇ. 62.

ಈ ಅಂಕಿಯನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಶೇ. 62 ಎಂದರೆ ಅಪ್ಪನಿಗಿದ್ದರೆ ಮಗನಿಗೆ ನೂರಕ್ಕೆ 62 ಪಾಲು ಬರುತ್ತದೆ ಎಂದಲ್ಲ. ಆ ಸಮುದಾಯದಲ್ಲಿ ಕೆಲವರಿಗೆ ಹುಣ್ಣಾಗಿ ಕೆಲವರಿಗೆ ಆಗದಿರುವ ವ್ಯತ್ಯಾಸದಲ್ಲಿ ಅಷ್ಟು ಪಾಲನ್ನು ವಂಶವಾಹಿಗಳ ವ್ಯತ್ಯಾಸ ವಿವರಿಸುತ್ತದೆ ಎಂದು ಅರ್ಥ. ಪರಿಸರ ಬದಲಾದರೆ ಈ ಅಂಕಿಯೇ ಬದಲಾಗುತ್ತದೆ, ಎರಡು ದೇಶಗಳ ಅಂಕಿ ಬೇರೆ ಬೇರೆ ಬಂದಿರುವುದರಲ್ಲಿ ಅಚ್ಚರಿಯಿಲ್ಲ.

ವಂಶವಾಹಿ ಏನು ಮಾಡುತ್ತದೆ ಎಂಬುದಕ್ಕೆ ರಕ್ತದ ಗುಂಪು ಒಳ್ಳೆಯ ಉದಾಹರಣೆ. 'ಒ' ಗುಂಪಿನವರಲ್ಲಿ ಅಲ್ಸರ್, ಅದರಲ್ಲೂ ಡಿಯೋಡಿನಂ ಅಲ್ಸರ್, ಸ್ವಲ್ಪ ಹೆಚ್ಚು ಎಂದು 1954ರಲ್ಲೇ ಬ್ರಿಟಿಷ್ ವೈದ್ಯರು ಗುರುತಿಸಿದ್ದರು. ಕಾರಣ ತಿಳಿಯಲು ಸುಮಾರು ನಲವತ್ತು ವರ್ಷ ಹಿಡಿಯಿತು. ಜಠರದ ಒಳಪದರದ ಮೇಲಿನ ಕೆಲವು ಸಕ್ಕರೆ ಕೊಂಡಿಗಳಿಗೆ ಬ್ಯಾಕ್ಟೀರಿಯಾ ಕಚ್ಚಿಕೊಳ್ಳುತ್ತದೆ, ಆ ಕೊಂಡಿಗಳ ರೂಪ ರಕ್ತದ ಗುಂಪಿನೊಂದಿಗೆ ಬದಲಾಗುತ್ತದೆ. 2021ರ ಅಧ್ಯಯನ ಹೆಸರಿಸಿದ ಉಳಿದ ಜಾಗಗಳ ಕೆಲಸವೂ ಇದೇ ಜಾಡಿನದು: ಲೋಳೆಪದರ ಎಷ್ಟು ದಪ್ಪ, ಆಮ್ಲಕ್ಕೆ ಆಜ್ಞೆ ಕೊಡುವ ಗ್ಯಾಸ್ಟ್ರಿನ್ ಹಾರ್ಮೋನು ಎಷ್ಟು ಸುರಿಯುತ್ತದೆ, ಅದನ್ನು ಸ್ವೀಕರಿಸುವ ಬಾಗಿಲು ಎಷ್ಟು ಸಲೀಸು. ಸೋಂಕು ಜಠರದ ಕೆಳಭಾಗದಲ್ಲಿ ನೆಲೆಸಿದರೆ ಗ್ಯಾಸ್ಟ್ರಿನ್ ಹೆಚ್ಚಿ, ಆಮ್ಲ ಉಕ್ಕಿ ಡಿಯೋಡಿನಂನಲ್ಲಿ ಹುಣ್ಣಾಗುತ್ತದೆ. ಜಠರದ ಮೈಯೆಲ್ಲ ಹಬ್ಬಿದರೆ ಆಮ್ಲ ತಯಾರಿಸುವ ಗ್ರಂಥಿಗಳೇ ಸೊರಗಿ, ಹಲವು ವರ್ಷಗಳ ಮೇಲೆ ಕ್ಯಾನ್ಸರಿನ ದಾರಿ ತೆರೆಯಬಹುದು. ಒಂದೇ ಬ್ಯಾಕ್ಟೀರಿಯಾ, ಒಂದೇ ಮನೆ; ಅಣ್ಣನಿಗೆ ಹುಣ್ಣು, ತಮ್ಮನಿಗೆ ಏನೂ ಇಲ್ಲ. ಈ ವ್ಯತ್ಯಾಸದಲ್ಲಿ ವಂಶವಾಹಿಯ ಕೈ ಇದೆ. ಆದರೆ ಒಂದೊಂದರ ಪರಿಣಾಮವೂ ಚಿಕ್ಕದು. ಹಾಗಾಗಿ ಜೊಲ್ಲು ಕಳಿಸಿ ಮಾಡಿಸುವ ಜೀನ್ ಪರೀಕ್ಷೆಯಿಂದ ಅಲ್ಸರ್ ವಿಷಯದಲ್ಲಿ ಚಿಕಿತ್ಸೆಗೆ ಉಪಯೋಗವಾಗುವಂಥದ್ದೇನೂ ಸಿಗುವುದಿಲ್ಲ. ಆ ದುಡ್ಡಿಗೆ ಬ್ಯಾಕ್ಟೀರಿಯಾ ಪರೀಕ್ಷೆಯೇ ಆಗುತ್ತದೆ.

ಒಂದು ಅಪವಾದವನ್ನು ಮರೆಯಬಾರದು. ಪದೇ ಪದೇ ಹಲವು ಹುಣ್ಣು, ಜೊತೆಗೆ ಬಿಡದ ಭೇದಿ, ಮನೆಯಲ್ಲಿ ಮೂತ್ರಪಿಂಡದ ಕಲ್ಲು ಅಥವಾ ರಕ್ತದಲ್ಲಿ ಕ್ಯಾಲ್ಸಿಯಂ ಏರಿಕೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆ, ಇವೆಲ್ಲ ಒಟ್ಟಿಗೆ ಕಂಡರೆ ಅದು ಗ್ಯಾಸ್ಟ್ರಿನ್ ಸುರಿಸುವ ಗೆಡ್ಡೆಯಿಂದ ಆಗಿರಬಹುದು. ಅಂಥ ಗೆಡ್ಡೆಗಳಲ್ಲಿ ನಾಲ್ಕರಲ್ಲೊಂದರಷ್ಟು ಒಂದೇ ವಂಶವಾಹಿಯ ದೋಷದಿಂದ ಬರುತ್ತವೆ, ಅದು ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ. ಬಹಳ ವಿರಳ, ಆದರೆ ಜೀನ್ ಪರೀಕ್ಷೆ ನಿಜವಾಗಿ ಬೇಕಾಗುವುದು ಇಲ್ಲಿ.

ಪಚನದ ವಿಷಯದಲ್ಲಿ ಸ್ಪಷ್ಟವಾಗಿ ವಂಶದಿಂದಲೇ ಬರುವುದು ಬೇರೊಂದಿದೆ, ಹಾಲು ಒಗ್ಗದಿರುವುದು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ದೊಡ್ಡವರಾದ ಮೇಲೂ ಉಳಿಯುವುದೋ ಇಲ್ಲವೋ ಎಂಬುದನ್ನು ವಂಶವಾಹಿಯೇ ನಿರ್ಧರಿಸುತ್ತದೆ. ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಅದು ಉಳಿಯದವರೇ ಹೆಚ್ಚು. ಅವರಿಗೆ ಲೋಟ ಹಾಲಿಗೆ ಹೊಟ್ಟೆ ಉಬ್ಬುತ್ತದೆ. ಹುಳಿ ಬಂದ ಮಜ್ಜಿಗೆ, ತಂಬುಳಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಏಕೆಂದರೆ ಸಕ್ಕರೆಯ ಒಂದು ಪಾಲನ್ನು ಹೆಪ್ಪೇ ತಿಂದು ಮುಗಿಸಿರುತ್ತದೆ. ಇದನ್ನು ಅಲ್ಸರ್ ಎಂದು ತಿಳಿದು ವರ್ಷಗಟ್ಟಲೆ ಆಮ್ಲ ತಗ್ಗಿಸುವ ಮಾತ್ರೆ ನುಂಗುವುದು ವ್ಯರ್ಥ.

ಅಡುಗೆಮನೆ ಮತ್ತು ಮಾತ್ರೆ ಡಬ್ಬಿ

ವಂಶದಂತೆ ಕಾಣುವ ಮೂರನೆಯದು ರೂಢಿ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಫ್ರಾಂಕ್ ಟೋವಿ, ಭಾರತದಲ್ಲಿ ಅಕ್ಕಿ ಉಣ್ಣುವ ಪ್ರದೇಶಗಳಲ್ಲಿ ಡಿಯೋಡಿನಂ ಅಲ್ಸರ್ ಹೆಚ್ಚು, ತೌಡು ತೆಗೆಯದ ಗೋಧಿ ತಿನ್ನುವಲ್ಲಿ ಕಡಿಮೆ ಎಂದು ಗಮನಿಸಿದರು. ಧಾನ್ಯದ ಹೊರಪದರದಲ್ಲಿರುವ ಕೆಲವು ಕೊಬ್ಬಿನಂಶಗಳು ಜಠರವನ್ನು ಕಾಯುತ್ತವೆ, ಪಾಲಿಷ್ ಮಾಡಿದಾಗ ಅವು ಹೋಗುತ್ತವೆ ಎಂಬುದು ಅವರ ವಾದ. ಸೋಂಕಿನ ಪತ್ತೆಯ ನಂತರ ಆ ವಾದ ಹಿಂದೆ ಸರಿದಿದೆ, ಸುಳ್ಳೆಂದು ತೀರ್ಮಾನವಾಗಿಲ್ಲ. ಸೂಜಿಮೆಣಸಿನ ಖಾರ, ಅಪ್ಪೆಹುಳಿ ಇದ್ದ ಹುಣ್ಣನ್ನು ಉರಿಸಬಹುದು, ಹುಣ್ಣು ತರುವುದಿಲ್ಲ. ಉಪ್ಪಿನಲ್ಲಿ ಇಟ್ಟು ಕಾಪಾಡಿದ ಆಹಾರವನ್ನು ನಿತ್ಯ ಹೆಚ್ಚು ತಿನ್ನುವುದಕ್ಕೂ ಜಠರದ ಕ್ಯಾನ್ಸರಿಗೂ ನಂಟಿದೆ, ಮಿಡಿ ಉಪ್ಪಿನಕಾಯಿ ಊಟಕ್ಕೆ ಒಂದು ಚೂರಿನಷ್ಟಿದ್ದರೆ ಒಳ್ಳೆಯದು. ಕವಳಕ್ಕೆ, ಅಂದರೆ ಎಲೆಯಡಿಕೆಗೆ, ಹಾಕುವ ಹೊಗೆಸೊಪ್ಪು ಬಿಡಲೇಬೇಕು. ತಂಬಾಕು ಹುಣ್ಣು ಮಾಯುವುದನ್ನು ತಡೆಯುತ್ತದೆ, ಬಾಯಿಯ ಕ್ಯಾನ್ಸರಿನ ಮಾತು ಹೇಗೂ ಇದ್ದೇ ಇದೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ನೋವಿನ ಮಾತ್ರೆ. ಅಡಿಕೆಗೊನೆ ಕೊಯ್ಲು, ಮಣ್ಣು ಹೊರುವುದು, ಅಡಿಕೆ ಸುಲಿಯಲು ರಾತ್ರಿಯಿಡೀ ಕೂರುವುದು, ಇವೆಲ್ಲ ಸೊಂಟ ಮಂಡಿಗಳನ್ನು ತಿನ್ನುವ ಕೆಲಸ. ಡೈಕ್ಲೋಫಿನಾಕ್, ಐಬುಪ್ರೊಫೇನ್, ಅಸಿಕ್ಲೋಫಿನಾಕ್ ಮಾತ್ರೆಗಳು ಚೀಟಿಯಿಲ್ಲದೆ ಕೈಗೆ ಸಿಗುತ್ತವೆ. ನೋವು ತರುವ ರಾಸಾಯನಿಕವನ್ನು ತಡೆಯುವ ಈ ಮದ್ದು, ಜಠರದ ಲೋಳೆಪದರವನ್ನು ಕಾಯುವ ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೂ ನಿಲ್ಲಿಸುತ್ತದೆ. ಈ ಪರಿಣಾಮ ರಕ್ತದ ಮೂಲಕವೇ ಆಗುವುದರಿಂದ "ಇಂಜೆಕ್ಷನ್ ಹಾಕಿಸಿಕೊಂಡರೆ ಹೊಟ್ಟೆಗೆ ತೊಂದರೆ ಇಲ್ಲ" ಎಂಬುದು ತಪ್ಪು. ಪೈಲೋರಿಯೂ ಇದ್ದು ಈ ಮಾತ್ರೆಯೂ ಸೇರಿದರೆ ಹುಣ್ಣಿನ ಅಪಾಯ ಹಲವು ಪಟ್ಟಾಗುತ್ತದೆ. ಅಪ್ಪನೂ ಮಗನೂ ಒಂದೇ ಡಬ್ಬಿಯ ಮಾತ್ರೆ ನುಂಗಿದಾಗ ಇಬ್ಬರಿಗೂ ರಕ್ತಸ್ರಾವವಾದರೆ ಅದು ವಂಶದ ಕಾಯಿಲೆಯಂತೆ ಕಾಣುತ್ತದೆ.

ಮಲೆನಾಡಿಗೆ ಇನ್ನೊಂದು ಎಚ್ಚರ ಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ರಕ್ತಸ್ರಾವವೇ ಒಂದು ಲಕ್ಷಣ. ಡೆಂಗಿಯಲ್ಲೂ ಹಾಗೆಯೇ. ಜ್ವರ, ಮೈಕೈ ನೋವು ಎಂದು ಈ ಮಾತ್ರೆ ನುಂಗಬಾರದು, ಪ್ಯಾರಾಸಿಟಮಾಲ್ ಮಾತ್ರ. ಹೃದಯಕ್ಕೆಂದು ವೈದ್ಯರು ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ವಿಷಯ ಬೇರೆ, ಅದನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನೇ ಕೇಳಬೇಕು.

ಮನೆಮಂದಿಗೆಲ್ಲ ಪರೀಕ್ಷೆ ಬೇಕೇ?

ಬೇಕು ಎನ್ನುವವರ ವಾದ ಹಗುರವಾದುದಲ್ಲ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಸಾಮೂಹಿಕವಾಗಿ ಪರೀಕ್ಷಿಸಿ ಚಿಕಿತ್ಸೆ ಕೊಟ್ಟ ಮೇಲೆ ಜಠರದ ಕ್ಯಾನ್ಸರ್ ಅರ್ಧದಷ್ಟು ಇಳಿಯಿತು. ಜಪಾನ್ 2013ರಿಂದ ಹುಣ್ಣಿಲ್ಲದ, ಬರಿಯ ಉರಿಯೂತವಿರುವ ಸೋಂಕಿಗೂ ವಿಮೆಯಲ್ಲಿ ಚಿಕಿತ್ಸೆ ಕೊಡುತ್ತಿದೆ. ಚೀನಾದ ತಜ್ಞರು ಒಬ್ಬರಿಗೆ ಕಂಡರೆ ಇಡೀ ಕುಟುಂಬವನ್ನೇ ಒಂದು ಘಟಕವಾಗಿ ನೋಡಬೇಕೆಂದು ಮಾರ್ಗಸೂಚಿ ಬರೆದಿದ್ದಾರೆ. ಒಬ್ಬರಿಗೆ ಗುಣವಾದರೂ ಉಳಿದವರಿಂದ ಮತ್ತೆ ಅಂಟಬಹುದು ಎಂಬುದು ಅವರ ತರ್ಕ.

ಬೇಡ ಎನ್ನುವವರು ಭಾರತದ ಒಗಟನ್ನು ಮುಂದಿಡುತ್ತಾರೆ. ಇಲ್ಲಿ ಸೋಂಕು ವ್ಯಾಪಕ, ಆದರೆ ಮಿಜೋರಾಂನಂಥ ಈಶಾನ್ಯದ ಕೆಲವು ಭಾಗ ಬಿಟ್ಟರೆ ಜಠರದ ಕ್ಯಾನ್ಸರ್ ಪೂರ್ವ ಏಷ್ಯಾದಷ್ಟಿಲ್ಲ. ಅಂದರೆ ಒಂದು ಕ್ಯಾನ್ಸರ್ ತಪ್ಪಿಸಲು ಇಲ್ಲಿ ಹೆಚ್ಚು ಜನರಿಗೆ ಔಷಧಿ ಕೊಡಬೇಕಾಗುತ್ತದೆ. ಈ ಸೋಂಕಿಗೆ ಕೊಡುವ ನಾಲ್ಕು ಔಷಧಿಗಳ 14 ದಿನದ ಒಂದು ಸುತ್ತಿನಲ್ಲಿ ಒಬ್ಬರು ನುಂಗುವುದು 180ರ ಆಸುಪಾಸಿನ ಮಾತ್ರೆ. ಐವರಿರುವ ಮನೆಗೆ 900. ಆಂಟಿಬಯಾಟಿಕ್‌ಗಳಾದ ಮೆಟ್ರೋನಿಡಜೋಲ್, ಕ್ಲಾರಿಥ್ರೋಮೈಸಿನ್‌ಗಳಿಗೆ ನಮ್ಮಲ್ಲಿ ಈ ಬ್ಯಾಕ್ಟೀರಿಯಾ ಆಗಲೇ ಸಾಕಷ್ಟು ಒಗ್ಗಿಹೋಗಿದೆ. ಮನೆಮನೆಯಲ್ಲಿ ಅರ್ಧಂಬರ್ಧ ನುಂಗಿ ಬಿಟ್ಟರೆ ಉಳಿಯುವುದು ಇನ್ನೂ ಗಟ್ಟಿಯಾದ ತಳಿ.

ಎರಡೂ ವಾದಗಳ ನಡುವೆ ಒಂದು ಗಟ್ಟಿ ನೆಲವಿದೆ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಿಗೆ ಜಠರದ ಕ್ಯಾನ್ಸರ್ ಆಗಿದ್ದ ಸುಮಾರು 1,700 ಜನರನ್ನು ಕೊರಿಯಾದ ವೈದ್ಯರು ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿದರು. ಫಲಿತಾಂಶ 2020ರಲ್ಲಿ ಬಂತು: ಸೋಂಕಿಗೆ ಚಿಕಿತ್ಸೆ ಪಡೆದ ಗುಂಪಿನಲ್ಲಿ ಕ್ಯಾನ್ಸರ್ ಶೇ. 1.2, ಪಡೆಯದ ಗುಂಪಿನಲ್ಲಿ ಶೇ. 2.7. ಹಾಗಾಗಿ ಹತ್ತಿರದ ರಕ್ತಸಂಬಂಧಿಗೆ ಜಠರದ ಕ್ಯಾನ್ಸರ್ ಆಗಿದ್ದರೆ, ತೊಂದರೆ ಇಲ್ಲದಿದ್ದರೂ ವಯಸ್ಕರು ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಅಲ್ಸರ್ ಮಾತ್ರ ಇದ್ದರೆ, ಹೊಟ್ಟೆಯ ತೊಂದರೆ ಇರುವ ವಯಸ್ಕರು, ಬಹುಕಾಲ ನೋವಿನ ಮಾತ್ರೆ ಅಥವಾ ಆಸ್ಪಿರಿನ್ ಶುರುಮಾಡಬೇಕಾದವರು ಮಾಡಿಸಿದರೆ ಸಾಕು. ಲಕ್ಷಣವಿಲ್ಲದ ಮಕ್ಕಳಿಗೆ ಬೇಡ. ನಮ್ಮಲ್ಲಿ ಸದ್ಯ ರಾಷ್ಟ್ರಮಟ್ಟದ ತಪಾಸಣಾ ಕಾರ್ಯಕ್ರಮವಿಲ್ಲ, ಹಾಗಾಗಿ ಈ ತೀರ್ಮಾನ ಪ್ರತಿ ಮನೆಯೂ ತನ್ನ ವೈದ್ಯರ ಜೊತೆ ಕೂತು ಮಾಡಬೇಕಾದದ್ದು.

ಪರೀಕ್ಷೆ ಎಲ್ಲಿ ಕೈಕೊಡುತ್ತದೆ

ರಕ್ತದ ಆಂಟಿಬಾಡಿ ಪರೀಕ್ಷೆ ಅಗ್ಗ, ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಆದರೆ ಬ್ಯಾಕ್ಟೀರಿಯಾ ಹೋಗಿ ವರ್ಷಗಳಾದರೂ ಅದು ಪಾಸಿಟಿವ್ ತೋರಿಸಬಹುದು. ಈಗ ಸೋಂಕಿದೆಯೇ ಎಂದು ತಿಳಿಯಲು ಉಸಿರಿನ ಪರೀಕ್ಷೆ, ಮಲದ ಆಂಟಿಜೆನ್ ಪರೀಕ್ಷೆ ಅಥವಾ ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನ ಪರೀಕ್ಷೆ ಬೇಕು. ಉಸಿರಿನ ಪರೀಕ್ಷೆಯಲ್ಲಿ ಗುರುತು ಹಾಕಿದ ಯೂರಿಯಾ ಕುಡಿಸುತ್ತಾರೆ. ಬ್ಯಾಕ್ಟೀರಿಯಾ ಅದನ್ನು ಒಡೆದರೆ ಗುರುತಿನ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಹೊರಬರುತ್ತದೆ. ಗುರುತಿಗೆ ಕಾರ್ಬನ್-14 ಬಳಸುವ ಬಗೆ ಗರ್ಭಿಣಿಯರಿಗೆ, ಮಕ್ಕಳಿಗೆ ಆಗದು, ಅವರಿಗೆ ಕಾರ್ಬನ್-13. ಮಲದ ಮಾದರಿಯನ್ನು ಅದೇ ದಿನ ಲ್ಯಾಬಿಗೆ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು.

ಹೆಚ್ಚು ಜನ ಎಡವುವುದು ಇಲ್ಲಿ: ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರೇಬಿಪ್ರಜೋಲ್ ಮಾತ್ರೆ ನುಂಗುತ್ತಲೇ ಪರೀಕ್ಷೆಗೆ ಹೋಗುತ್ತಾರೆ. ಈ ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಅಡಗಿಸುತ್ತವೆ, ಕೊಲ್ಲುವುದಿಲ್ಲ. ವರದಿ ನೆಗೆಟಿವ್ ಬರುತ್ತದೆ, ಕಾಯಿಲೆ ಒಳಗೇ ಉಳಿಯುತ್ತದೆ. ವೈದ್ಯರಿಗೆ ಹೇಳಿ ಪರೀಕ್ಷೆಗೆ 2 ವಾರ ಮೊದಲೇ ಅವನ್ನು ನಿಲ್ಲಿಸಬೇಕು. ಯಾವುದೇ ಆಂಟಿಬಯಾಟಿಕ್ ಅಥವಾ ಇದೇ ಚಿಕಿತ್ಸೆಯಲ್ಲಿ ಬಳಸುವ ಬಿಸ್ಮತ್ ಎಂಬ ಔಷಧಿ ಆದರೆ 4 ವಾರ. ಆ ನಡುವೆ ಉರಿ ತಡೆಯಲಾಗದಿದ್ದರೆ ಆಂಟಾಸಿಡ್ ಸಿರಪ್ ಕುಡಿಯಬಹುದು.

ಆ 14 ದಿನ

ಬಿಸ್ಮತ್ ಇರುವ ನಾಲ್ಕು ಔಷಧಿಗಳ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಆಮ್ಲ ತಗ್ಗಿಸುವ ಮಾತ್ರೆ ದಿನಕ್ಕೆ 2 ಸಲ, ಊಟಕ್ಕೆ ಅರ್ಧ ಗಂಟೆ ಮೊದಲು, ಟೆಟ್ರಾಸೈಕ್ಲಿನ್ 500 ಮಿಲಿಗ್ರಾಂ 4 ಸಲ, ಮೆಟ್ರೋನಿಡಜೋಲ್ 400 ಮಿಲಿಗ್ರಾಂ 3 ಸಲ, ಬಿಸ್ಮತ್ 4 ಸಲ. ವೈದ್ಯರು ರೋಗಿಯನ್ನು ನೋಡಿ ಬದಲಿಸುತ್ತಾರೆ. ಗರ್ಭಿಣಿಯರಿಗೆ ಟೆಟ್ರಾಸೈಕ್ಲಿನ್ ಕೊಡುವುದಿಲ್ಲ.

ಆಮ್ಲದ ಮಾತ್ರೆಯನ್ನು ಊಟವಾದ ಮೇಲೆ ನುಂಗಿದರೆ ಪೂರ್ತಿ ಕೆಲಸ ಆಗುವುದಿಲ್ಲ. ಟೆಟ್ರಾಸೈಕ್ಲಿನ್ ಹಾಲು, ಮಜ್ಜಿಗೆ, ರಾಗಿ ಗಂಜಿ, ಕಬ್ಬಿಣಾಂಶದ ಮಾತ್ರೆಗಳ ಜೊತೆ ಹೋದರೆ ಕ್ಯಾಲ್ಸಿಯಂ, ಕಬ್ಬಿಣಕ್ಕೆ ಅಂಟಿಕೊಂಡು ರಕ್ತ ಸೇರದೆ ಹೊರಬೀಳುತ್ತದೆ. ಊಟದ ಕೊನೆಗೆ ಮಜ್ಜಿಗೆ ಕುಡಿದು ಅದರಲ್ಲೇ ಮಾತ್ರೆ ನುಂಗುವ ನಮ್ಮ ಕಡೆಯ ಅಭ್ಯಾಸ ಇಲ್ಲಿ ಚಿಕಿತ್ಸೆಯನ್ನೇ ಕೆಡಿಸುತ್ತದೆ. ಎರಡು ಗಂಟೆ ಅಂತರ ಬೇಕು. ಮೆಟ್ರೋನಿಡಜೋಲ್‌ನಿಂದ ಬಾಯಿ ಲೋಹದಂತೆ ಕಹಿಯಾಗುತ್ತದೆ, ಅದಕ್ಕೆ ಹೆದರಿ ಐದನೇ ದಿನಕ್ಕೆ ಬಿಡುವವರಿದ್ದಾರೆ. ಅದರ ಜೊತೆ ಮದ್ಯ ಮುಟ್ಟಬಾರದು. ಆಮ್ಲದ ಮಾತ್ರೆಯನ್ನು ಯಕೃತ್ತು ಎಷ್ಟು ಬೇಗ ಕರಗಿಸುತ್ತದೆ ಎಂಬುದು ವಂಶವಾಹಿಗೆ ತಕ್ಕಂತೆ ಬದಲಾಗುತ್ತದೆ. ಅಣ್ಣನಿಗೆ ಹಿಡಿದ ಚೀಟಿ ತಮ್ಮನಿಗೆ ಹಿಡಿಯದಿರಲು ಅದೂ ಒಂದು ಕಾರಣ, ಒಬ್ಬರ ಚೀಟಿಯಲ್ಲಿ ಇನ್ನೊಬ್ಬರು ಔಷಧಿ ತರಬಾರದು.

ಕೋರ್ಸ್ ಮುಗಿದು ಕನಿಷ್ಠ 4 ವಾರದ ಮೇಲೆ, ಆಮ್ಲದ ಮಾತ್ರೆ 2 ವಾರ ಬಿಟ್ಟು, ಉಸಿರಿನ ಅಥವಾ ಮಲದ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ನೋವು ಹೋಯಿತೆಂದು ಇದನ್ನು ಬಿಡುವವರೇ ಹೆಚ್ಚು, ಆದರೆ ನೋವು ಹೋಗುವುದು ಆಮ್ಲ ತಗ್ಗಿದರೂ ಸಾಕು. ಮನೆಮಂದಿಯನ್ನೆಲ್ಲ ಪರೀಕ್ಷಿಸುವ ಮೊದಲು ಹುಣ್ಣಿದ್ದವರ ಈ ಮರುಪರೀಕ್ಷೆ ಆಗಬೇಕು. ಹುಣ್ಣು ಜಠರದಲ್ಲೇ ಇದ್ದರೆ ಎಂಡೋಸ್ಕೋಪಿಯೂ ಎರಡನೇ ಸಲ ಬೇಕಾಗಬಹುದು, ಕ್ಯಾನ್ಸರ್ ಕೂಡ ಮೊದಲಿಗೆ ಹುಣ್ಣಿನಂತೆಯೇ ಕಾಣಬಹುದು.

ಬಿಸ್ಮತ್ ನುಂಗುವ ದಿನಗಳಲ್ಲಿ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟು, ಕೆಟ್ಟ ನಾತ, ಜೊತೆಗೆ ತಲೆಸುತ್ತು ಇದ್ದರೆ ಅದು ಒಳಗಿನ ರಕ್ತ. ರಕ್ತದ ಅಥವಾ ಕಾಫಿ ಚರಟದಂಥ ವಾಂತಿ, ಹಲಗೆಯಂತೆ ಬಿಗಿಯಾದ ಹೊಟ್ಟೆಯ ಹಠಾತ್ ನೋವು ಕಂಡರೂ ಕಷಾಯ, ಸಿರಪ್ ಎಂದು ಬೆಳಗಿನವರೆಗೆ ಕಾಯದೆ ಆ ರಾತ್ರಿಯೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟುವ ಊರುಗಳಲ್ಲಿ ಹೊರಡುವ ಹೊತ್ತನ್ನು ಇನ್ನೂ ಬೇಗ ಇಟ್ಟುಕೊಳ್ಳಬೇಕು, ಬಾಯಿಗೆ ನೀರೂ ಹಾಕಬಾರದು, ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೆಲ್ಲ ಜೊತೆಗೆ ಒಯ್ಯಬೇಕು.